ಮಗಳ ಆಫೀಸು ವ್ಯಾನಿನಲ್ಲಿ

ಅಂಕೋಲಾ ತಾಲೂಕಿನಿಂದ ಒಬ್ಬ ಸೋದರಿ ಬರೆದಿದ್ದಾರೆ. ಊರು ಸುಂಕಸಾಳದ ಕಡೆ, ಹೆದ್ದಾರಿಯಿಂದ ಒಳಗೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಕಾಗದ ಉದ್ದವಾಗಿದೆ. ಮುಖ್ಯವಾದಷ್ಟನ್ನು ಅವರ ಮಾತಿನಲ್ಲೇ ಕೊಡುತ್ತೇನೆ.

“ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಅವಳ ಅಪ್ಪ ಹೋದ ಮೇಲೆ ಇದು ಮೊದಲನೇ ಬೇಸಿಗೆ. ಬಂಡಿ ಹಬ್ಬಕ್ಕೆ ಬಾ, ಕರಿ ಇಷಾಡ ಹಣ್ಣಿನ ಕಾಲ, ಒಂದು ತಿಂಗಳು ಇದ್ದು ಹೋಗು ಅಂತ ಕರೆದೆ. ‘ಆಯಿ, ರಜೆ ಇರೂದು ಆರೇ ದಿವಸ. ಅಲ್ಲಿಂದಲೇ ಕೆಲಸ ಮಾಡೂಕೆ ಆದ್ರೆ ತಿಂಗಳು ಇರ್ತೆ’ ಅಂದಳು. ನಮ್ಮಲ್ಲಿ ಫೋನು ಹಿಡಿಯುವುದು ಹಿತ್ತಲಿನ ಹಲಸಿನ ಮರದ ಬುಡದಲ್ಲಿ ಮಾತ್ರ. ಅದಕ್ಕೆ ಅಳಿಯಂದಿರು ಒಂದು ಉಪಾಯ ಮಾಡಿದ್ದಾರೆ. ಅವರ ಸ್ನೇಹಿತರದೊಂದು ಕ್ಯಾಂಪರ್ ವ್ಯಾನು ಇದೆಯಂತೆ, ಮಲಗಲಿಕ್ಕೆ ಮಂಚ, ಸಣ್ಣ ಅಡಿಗೆ ಕಟ್ಟೆ, ಮೇಜು ಎಲ್ಲ ಒಳಗೇ ಇದೆ. ಅದನ್ನು ತರುವುದು, ಹಗಲು ಸಿಗ್ನಲ್ ಇದ್ದಲ್ಲಿ ನಿಲ್ಲಿಸಿ ಅವಳು ಕೆಲಸ ಮಾಡುವುದು, ಸಂಜೆ ಮನೆಗೆ ಬರುವುದು. ಪೇಟೆಯ ಅಂಗಡಿಯವನು ‘ಬೂಸ್ಟರ್ ಹಾಕಿಸಿ, ಎಲ್ಲಿ ನಿಂತರೂ ನೆಟ್ ಬರ್ತದೆ’ ಅನ್ನುತ್ತಾನೆ. ತೆಗೆದುಕೊಳ್ಳಲೇ? ಒಂದು ಸಲ ನೆಟ್ ಕೈಕೊಟ್ಟು ಆಫೀಸಿನಲ್ಲಿ ಅವಳಿಗೆ ಮಾತು ಬಂದರೆ ಮುಂದಿನ ವರ್ಷ ಬಾ ಅನ್ನಲಿಕ್ಕೆ ನನಗೆ ಬಾಯಿ ಇರುವುದಿಲ್ಲ.”

ಕೊನೆಯ ಸಾಲನ್ನು ಎರಡು ಸಲ ಓದಿದೆ. ಮೊದಲು ಬೂಸ್ಟರಿನ ಮಾತು ಮುಗಿಸೋಣ, ಯಾಕೆಂದರೆ ಅದಕ್ಕೆ ಉತ್ತರ ಒಂದೇ ಶಬ್ದ. ಬೇಡ.

ಟವರಿನಿಂದ ಬರುವ ಸಿಗ್ನಲನ್ನು ಹಿಡಿದು, ದೊಡ್ಡದು ಮಾಡಿ, ಮತ್ತೆ ಗಾಳಿಗೆ ಬಿಡುವ ಪೆಟ್ಟಿಗೆಗೆ ಬೂಸ್ಟರ್ ಅಥವಾ ರಿಪೀಟರ್ ಎನ್ನುತ್ತಾರೆ. ಸರ್ಕಾರದ ಅನುಮತಿ ಇಲ್ಲದೆ ಇದನ್ನು ಮಾರುವುದೂ ಇಟ್ಟುಕೊಳ್ಳುವುದೂ ನಮ್ಮ ದೇಶದಲ್ಲಿ ಅಪರಾಧ. 1933ರ ವೈರ್‌ಲೆಸ್ ಕಾಯಿದೆಯ ಕಾಲದಿಂದ ಬಂದ ನಿರ್ಬಂಧ ಅದು, 2023ರಲ್ಲಿ ಹೊಸ ದೂರಸಂಪರ್ಕ ಕಾಯಿದೆ ಬಂದ ಮೇಲೂ ಸಡಿಲವಾಗಿಲ್ಲ. ಅಂಗಡಿಯಲ್ಲಿ ಸಿಗುತ್ತದೆ, ಬಿಲ್ಲೂ ಕೊಡುತ್ತಾರೆ ಎಂದ ಮಾತ್ರಕ್ಕೆ ಸರಿ ಎಂದಲ್ಲ. ಕಾಯಿದೆ ಬದಿಗಿಟ್ಟು ನೋಡಿದರೂ ಅದು ಒಳ್ಳೆಯ ಸಾಮಾನಲ್ಲ. ಒಳ್ಳೆಯ ಸಿಗ್ನಲಿನ ಜೊತೆ ಗದ್ದಲವನ್ನೂ ಹಿಗ್ಗಿಸಿ ಬಿಡುತ್ತದೆ, ಟವರಿಗೆ ತೊಂದರೆಯಾಗಿ ಸುತ್ತಲಿನ ನಾಲ್ಕು ಮನೆಯ ಫೋನು ಕೆಡುತ್ತದೆ. ನಿಮ್ಮ ಮಗಳ ಮೀಟಿಂಗಿಗಾಗಿ ಪಕ್ಕದ ಮನೆಯ ಬಾಣಂತಿಗೆ ಡಾಕ್ಟರ ಫೋನು ಸಿಗದಂತಾದರೆ ಹೇಗೆ?

ಹೊರದೇಶದಲ್ಲಿ ನೆಂಟರಿರುವವರಿಗೂ ಇಲ್ಲೇ ಒಂದು ಮಾತು. ಉಪಗ್ರಹದ ಫೋನು, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಣ್ಣ ಯಂತ್ರ, ಇವು ಅಲ್ಲಿ ಸಾಮಾನ್ಯ. ಇಲ್ಲಿ ಅನುಮತಿ ಇಲ್ಲದೆ ತರುವಂತಿಲ್ಲ. ನಮ್ಮ ಕಾರವಾರಕ್ಕೆ ಹತ್ತಿರದ ಗೋವಾ ವಿಮಾನ ನಿಲ್ದಾಣದಲ್ಲೇ 2024ರಲ್ಲಿ ಇಂಥದ್ದನ್ನು ತಂದ ವಿದೇಶಿ ಪ್ರವಾಸಿಯನ್ನು ತಡೆದು ಕೇಸು ಹಾಕಿದ್ದುಂಟು. ಬರುವವರಿಗೆ ಮೊದಲೇ ಹೇಳಿಬಿಡಿ.

ಇನ್ನು ಆ ಸೋದರಿಯ ನಿಜವಾದ ಪ್ರಶ್ನೆ. ವ್ಯಾನಿನಲ್ಲಿ ನಂಬುವಂಥ ನೆಟ್ ಮಾಡಿಕೊಳ್ಳಬಹುದೇ? ಮಾಡಿಕೊಳ್ಳಬಹುದು. ಆದರೆ ಎಲ್ಲರೂ ಮೊದಲು ಯಂತ್ರದ ಅಂಗಡಿಗೆ ಓಡುತ್ತಾರೆ, ಜಾಗ ಆಮೇಲೆ ನೋಡುತ್ತಾರೆ. ಅದು ಹಿಟ್ಟು ರುಬ್ಬದೆ ದೋಸೆಕಲ್ಲು ಕಾಯಿಸಿದ ಹಾಗೆ. ಗಾಳಿಯಲ್ಲಿ ಇಲ್ಲದ ಸಿಗ್ನಲನ್ನು ಯಾವ ಪೆಟ್ಟಿಗೆಯೂ ಹುಟ್ಟಿಸುವುದಿಲ್ಲ. ಇರುವ ಜಾಗ ಯಾವುದು, ಯಾವ ಹೊತ್ತಿಗೆ ಇರುತ್ತದೆ, ಯಾವ ಕಂಪನಿಯದು ಇರುತ್ತದೆ, ಇಷ್ಟು ತಿಳಿದರೆ ಮುಕ್ಕಾಲು ಕೆಲಸ ಮುಗಿದಂತೆ. ಇದನ್ನು ತಿಳಿದುಕೊಳ್ಳಬಲ್ಲವರು ಬೆಂಗಳೂರಿನಲ್ಲಿರುವ ಅಳಿಯಂದಿರಲ್ಲ, ಊರಿನಲ್ಲಿರುವ ನೀವು. ಮಗಳು ಬರುವುದಕ್ಕೆ ಒಂದು ತಿಂಗಳು ಮೊದಲೇ ಶುರು ಮಾಡಿ.

ನಮ್ಮ ಜಿಲ್ಲೆಯ ನೆಲವೇ ಹಾಗಿದೆ. ಘಟ್ಟ ಇಲ್ಲಿ ಸಮುದ್ರದವರೆಗೆ ನಡೆದು ಬಂದಿದೆ. ಕಾರವಾರದಿಂದ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ ಒಂದು ಕಡೆ ಕಡಲು ಕಾಣುತ್ತಿರುವಾಗಲೇ ಇನ್ನೊಂದು ಕಡೆ ಗುಡ್ಡ ಮೈಮೇಲೆ ಬರುತ್ತದೆ. ಟವರುಗಳು ಬಹುಮಟ್ಟಿಗೆ ಹೆದ್ದಾರಿ, ಪೇಟೆ, ರೈಲುದಾರಿಯ ಬದಿಗೆ. ಹಾಗಾಗಿ ಹೆದ್ದಾರಿಯಲ್ಲಿ ಚೆನ್ನಾಗಿ ಸಿಗುತ್ತಿದ್ದ ನೆಟ್ ಒಂದು ಗುಡ್ಡದ ಮೂಗು ದಾಟಿ ಕೊಲ್ಲಿಯೊಳಗೆ ಇಳಿದ ಕೂಡಲೇ ಹೋಗಿಬಿಡುತ್ತದೆ. ಕಾರವಾರದಿಂದ ಬಿಣಗಾ ಕಡೆಯ ಸುರಂಗ ಹೊಕ್ಕಾಗ ಮಾತು ನಡುವೆ ಕಡಿದು ಹೋಗುವುದು ಎಲ್ಲರಿಗೂ ಗೊತ್ತು. ಗುಡ್ಡದ ಮರೆಯೂ ಒಂದು ಬಗೆಯ ಸುರಂಗವೇ. ಅಂಕೋಲೆಯಿಂದ ಯಲ್ಲಾಪುರದ ಕಡೆ ತಿರುಗಿದರೆ ಕಾಡು, ಕಣಿವೆ, ಅಡಿಕೆ ತೋಟ. ಒದ್ದೆ ಎಲೆಗಳು ಸಿಗ್ನಲನ್ನು ನುಂಗುತ್ತವೆ. ಮಾರ್ಚಿಯಲ್ಲಿ ಸಿಗುವ ಜಾಗದಲ್ಲಿ ಜುಲೈಯಲ್ಲಿ ಸಿಗದಿರಬಹುದು.

2020ರಲ್ಲಿ ಶಾಲೆ ಮುಚ್ಚಿದ್ದಾಗ ಪಾಠ ಕೇಳಲಿಕ್ಕೆ ಮಕ್ಕಳು ಗುಡ್ಡ ಹತ್ತಿ, ಕೊಡೆ ಹಿಡಿದು ಕೂತದ್ದು ನೆನಪಿದೆಯಲ್ಲ? ಆ ಮಕ್ಕಳು ಈಗ ಕಾಲೇಜಿಗೆ ಬಂದಿದ್ದಾರೆ. ಅವರನ್ನು ಕೇಳಿ. ಯಾವ ಬಂಡೆಯ ಮೇಲೆ ಯಾವ ಕಂಪನಿಯ ನೆಟ್ ಎಷ್ಟು ಹೊತ್ತಿಗೆ ಸಿಗುತ್ತದೆ ಎಂದು ಬಾಯಿಪಾಠ ಹೇಳುತ್ತಾರೆ. ಅವರಿಗಿಂತ ಒಳ್ಳೆಯ ನಕಾಶೆ ಯಾವ ಕಂಪನಿಯ ಹತ್ತಿರವೂ ಇಲ್ಲ.

ಮೊದಲು ನೆರೆಹೊರೆಯಿಂದ ಬೇರೆ ಬೇರೆ ಕಂಪನಿಯ ಮೂರು ಫೋನು ಕೂಡಿಸಿ, ಜಿಯೋ ಒಂದು, ಏರ್‌ಟೆಲ್ ಒಂದು, ಬಿಎಸ್‌ಎನ್‌ಎಲ್ ಒಂದು. ವಿಐ ಇದ್ದರೆ ಅದೂ ಇರಲಿ. ಫೋನಿನ ಮೇಲೆ ಕಾಣುವ ಗೆರೆಗಳನ್ನು ನಂಬಬೇಡಿ, ಅವು ಒಂದೊಂದು ಫೋನಿನಲ್ಲಿ ಒಂದೊಂದು ಥರ. ಸೆಟ್ಟಿಂಗ್ಸಿನಲ್ಲಿ ‘ಅಬೌಟ್ ಫೋನ್’ ಅಂತ ಇರುತ್ತದೆ, ಅದರೊಳಗೆ ಸಿಮ್ಮಿನ ಸ್ಥಿತಿ ನೋಡಿದರೆ ಸಿಗ್ನಲ್ ಎಷ್ಟು ಎಂಬ ಅಂಕಿ ಸಿಗುತ್ತದೆ, ಅದರ ಮುಂದೆ ಮೈನಸ್ ಗುರುತು ಇರುತ್ತದೆ. ಸಾಲದ ಲೆಕ್ಕದ ಹಾಗೆ ತಿಳಿದುಕೊಳ್ಳಿ, ಅಂಕಿ ಕಡಿಮೆಯಿದ್ದಷ್ಟೂ ಒಳ್ಳೆಯದು. ಮೈನಸ್ 85 ಅಂದರೆ ಬಹಳ ಚೆನ್ನ. ಮೈನಸ್ 100 ಅಂದರೆ ಕೆಲಸ ಸಾಗುತ್ತದೆ. ಮೈನಸ್ 115 ದಾಟಿದರೆ ಆ ಜಾಗ ಬಿಟ್ಟುಬಿಡಿ.

ಅಂಕಿ ಒಂದೇ ಸಾಲದು, ವೇಗವನ್ನೂ ನೋಡಬೇಕು. ಸಿಗ್ನಲ್ ಪೂರ್ತಿ ಇದ್ದೂ ನೆಟ್ ಆಮೆಯ ಹಾಗೆ ತೆವಳುವುದುಂಟು. ಒಂದೇ ಟವರಿಗೆ ಬಹಳ ಜನ ಜೋತುಬಿದ್ದಾಗ ಹೀಗಾಗುತ್ತದೆ. ಒಂದು ಹಂಡೆ ನೀರಿಗೆ ಹತ್ತು ಜನ ಮಿಂದಂತೆ. ವೇಗ ಅಳೆಯುವ ಆ್ಯಪುಗಳು ಪುಕ್ಕಟೆ ಸಿಗುತ್ತವೆ. ನಿಮ್ಮತ್ತ ಬರುವ ವೇಗ ಬೇರೆ, ನೀವು ಕಳಿಸುವ ವೇಗ ಬೇರೆ. ಸಿನಿಮಾ ನೋಡಲಿಕ್ಕೆ ಬರುವ ವೇಗ ಸಾಕು, ಆದರೆ ಮೀಟಿಂಗಿನಲ್ಲಿ ಅವಳ ಮುಖವೂ ಮಾತೂ ಆಚೆ ತಲುಪಬೇಕಾದರೆ ಕಳಿಸುವ ವೇಗವೂ ಬೇಕು. ಎರಡೂ ಮೂರು ಎಂಬಿಪಿಎಸ್ ಇದ್ದರೆ ವೀಡಿಯೊ ಮಾತುಕತೆ ಸುಸೂತ್ರ ನಡೆಯುತ್ತದೆ. ಬರೇ ಮಾತಿಗೆ ಅದರ ಹತ್ತರಲ್ಲೊಂದು ಪಾಲು ಸಾಕು. ಅವಳ ಆಫೀಸಿನ ಹೊತ್ತಿಗೇ ಅಳೆಯಿರಿ. ಬೆಳಿಗ್ಗೆ ಆರು ಗಂಟೆಗೆ ಸಿಕ್ಕ ವೇಗ ಸಂಜೆ ಏಳಕ್ಕೆ ಸಿಗುವುದಿಲ್ಲ. ಒಂದು ಹಳೇ ಕ್ಯಾಲೆಂಡರಿನ ಬೆನ್ನಿಗೆ ಜಾಗ, ಹೊತ್ತು, ಕಂಪನಿ, ಅಂಕಿ ಬರೆಯುತ್ತ ಹೋಗಿ. ಹದಿನೈದು ದಿನದಲ್ಲಿ ಮೂರು ನಾಲ್ಕು ಒಳ್ಳೆಯ ಜಾಗ ತಾವಾಗಿ ಎದ್ದು ಕಾಣುತ್ತವೆ.

ಬಿಎಸ್‌ಎನ್‌ಎಲ್‌ನ ಹಳೇ ಸಿಮ್ ಇಟ್ಟುಕೊಂಡು ‘ಅದರಲ್ಲಿ ಏನೂ ಬರೂದಿಲ್ಲ’ ಎನ್ನುವವರು ಬಹಳ. 2025ರ ಸೆಪ್ಟೆಂಬರ್ 27ರಂದು ಅವರ ಸ್ವದೇಶಿ 4ಜಿ ಜಾಲ ದೇಶಕ್ಕೆಲ್ಲ ಉದ್ಘಾಟನೆಯಾಯಿತು, ಸುಮಾರು 97,500 ಟವರು. ಬೇರೆ ಯಾರೂ ಹೋಗದ ಹಳ್ಳಿಗಳಿಗೂ ಟವರು ಹಾಕುವ ಯೋಜನೆ ಅದರಲ್ಲಿ ಸೇರಿದೆ. ಆದರೆ ಹಳೇ 2ಜಿ, 3ಜಿ ಕಾಲದ ಸಿಮ್ಮಿನಲ್ಲಿ 4ಜಿ ಬರುವುದಿಲ್ಲ, ಕಚೇರಿಗೆ ಹೋಗಿ ಬದಲಾಯಿಸಿಕೊಳ್ಳಬೇಕು. ಇನ್ನೊಂದು ಅನುಕೂಲವೂ ಆಗಿದೆ. ಸರ್ಕಾರದ ನಿಧಿಯಿಂದ ಹಳ್ಳಿಗಾಡಿನಲ್ಲಿ ಎದ್ದ ಟವರುಗಳನ್ನು ಬೇರೆ ಕಂಪನಿಯ ಗ್ರಾಹಕರೂ ಬಳಸುವ ಏರ್ಪಾಡು 2025ರ ಜನವರಿಯಲ್ಲಿ ಶುರುವಾಯಿತು. ಆದ್ದರಿಂದ ‘ನಮ್ಮೂರಲ್ಲಿ ಇಂಥ ಕಂಪನಿ ಇಲ್ಲ’ ಎಂದು ಮೂರು ವರ್ಷದ ಹಿಂದೆ ತೀರ್ಮಾನಿಸಿದ್ದನ್ನು ಈಗ ಇನ್ನೊಮ್ಮೆ ನೋಡಬೇಕು.

ಈಗ ಜಾಗದ ಮಾತು. ಸೋದರಿ, ಇದನ್ನು ನಿಧಾನವಾಗಿ ಓದಿ, ಅಳಿಯಂದಿರಿಗೂ ಓದಲಿಕ್ಕೆ ಕೊಡಿ.

ಸಿಗ್ನಲ್ ಚೆನ್ನಾಗಿದೆ ಎಂದು ಗುಡ್ಡ ಕಡಿದ ಹೆದ್ದಾರಿಯ ಬದಿಗೆ ಗಾಡಿ ನಿಲ್ಲಿಸಿಕೊಂಡು ಕೂರುವುದು ಬೇಡ. ನಿಮ್ಮ ತಾಲೂಕಿನ ಶಿರೂರಿನಲ್ಲೇ 2024ರ ಜುಲೈ 16ರ ಬೆಳಿಗ್ಗೆ ಗುಡ್ಡ ಕುಸಿದಾಗ ದಾರಿಬದಿಯ ಚಹಾ ಅಂಗಡಿ, ಅಲ್ಲಿದ್ದ ಜನ, ವಿಶ್ರಾಂತಿಗೆ ನಿಲ್ಲಿಸಿದ್ದ ವಾಹನ ಎಲ್ಲ ಮಣ್ಣಿನಡಿಗೂ ಗಂಗಾವಳಿಗೂ ಹೋದವು. ಕೇರಳದ ಒಬ್ಬ ಲಾರಿ ಚಾಲಕನ ದೇಹ ಲಾರಿಯೊಂದಿಗೆ ಹೊಳೆಯಲ್ಲಿ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ಅವರಲ್ಲಿ ಕೆಲವರು ಒಂದು ಗಳಿಗೆ ಸುಧಾರಿಸಿಕೊಳ್ಳಲಿಕ್ಕೆ ನಿಂತವರು. ನಿಮ್ಮ ಮಗಳು ದಿನಕ್ಕೆ ಎಂಟು ತಾಸು ಒಂದೇ ಕಡೆ ಕೂರುವವಳು. ಮೇ ತಿಂಗಳಲ್ಲಿ ಬಿಸಿಲಿದ್ದರೂ ಜೂನ್ ಮೊದಲ ವಾರಕ್ಕೆ ಮಳೆ ಹಿಡಿಯುತ್ತದೆ. ಆಗ ಹೊಳೆಯ ದಂಡೆಯೂ ಬೇಡ. 2019 ಮತ್ತು 2021ರ ನೆರೆ ಕಂಡ ನಿಮಗೆ ನಾನು ಹೇಳಬೇಕಾಗಿಲ್ಲ.

ಸಮುದ್ರದಂಡೆಯ ಮರಳಿಗೆ ಗಾಡಿ ಇಳಿಸುವುದೂ ಬೇಡ. ಚಕ್ರ ಹೂತುಹೋಗುತ್ತದೆ ಎನ್ನುವುದೊಂದು. ಕಾರವಾರ, ಅಂಕೋಲೆಯ ದಂಡೆಗಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ, ಗಾಡಿಯ ಭಾರವೂ ರಾತ್ರಿಯ ದೀಪವೂ ಅವಕ್ಕೆ ಕೇಡು ಎನ್ನುವುದು ಇನ್ನೊಂದು. ಅರಗಾ, ಬಿಣಗಾ ಕಡೆಯದು ನೌಕಾನೆಲೆಯ ಪ್ರದೇಶ. ಅಲ್ಲಿ ನಿಲ್ಲಿಸಿಕೊಂಡು ಗಾಡಿಯ ತಲೆಯ ಮೇಲೆ ಆಂಟೆನಾ ಎಬ್ಬಿಸಿದರೆ ಕಾವಲಿನವರು ಬಂದು ವಿಚಾರಿಸುವುದು ಸಹಜ, ತಪ್ಪು ಅವರದಲ್ಲ.

ಹಾಗಾದರೆ ಎಲ್ಲಿ? ಹೆಂಗಸೊಬ್ಬಳು ಇಡೀ ದಿನ ಗಾಡಿಯಲ್ಲಿ ಕೂತು ಕೆಲಸ ಮಾಡಬೇಕಾದರೆ ಸಿಗ್ನಲ್ ಒಂದಿದ್ದರೆ ಆಗುವುದಿಲ್ಲ. ನೀರು ಬೇಕು, ಶೌಚಕ್ಕೆ ಜಾಗ ಬೇಕು, ನೆರಳು ಬೇಕು, ಕೂಗಿದರೆ ಓಗೊಡುವವರು ಬೇಕು. ಅಂಕೋಲಾ ಪೇಟೆಯ ಹತ್ತಿರವೋ ಅವರ್ಸಾದಲ್ಲೋ ನೆಂಟರ ಅಂಗಳವಿದ್ದರೆ ಅದಕ್ಕಿಂತ ಉತ್ತಮ ಜಾಗ ಇಲ್ಲ. ಕಲ್ಯಾಣ ಮಂಟಪದ ಆವರಣ, ಪರಿಚಯದವರ ಹೋಟೆಲಿನ ಹಿಂಬದಿ, ದೇವಸ್ಥಾನದ ಮೈದಾನ ಇವೂ ಆದೀತು, ಆದರೆ ಮೊದಲೇ ಹೋಗಿ ಒಪ್ಪಿಗೆ ಕೇಳಿ. ನೀವು ಹೋಗಿ ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಅಳಿಯಂದಿರು ಕೇಳಿದರೆ ಹತ್ತು ಪ್ರಶ್ನೆ ಏಳುತ್ತದೆ. ಎರಡು ಜಾಗ ಗೊತ್ತುಮಾಡಿ, ಒಂದು ಕೈಕೊಟ್ಟರೆ ಇನ್ನೊಂದು ಇರಲಿ. ಬಂಡಿ ಹಬ್ಬದ ದಿನ ಮಾತ್ರ ಯಾವ ಜಾಗವನ್ನೂ ನಂಬಬೇಡಿ. ತಾಲೂಕಿನ ಜನವೆಲ್ಲ ಒಂದೇ ಕಡೆ ಸೇರಿ ಎಲ್ಲರೂ ಫೋಟೋ ಕಳಿಸುವ ದಿನ ಅದು. ಇರುವ ಆರು ರಜೆಯಲ್ಲಿ ಒಂದನ್ನು ಅವಳು ಆ ದಿನಕ್ಕೆ ಇಟ್ಟುಕೊಳ್ಳಲಿ.

ಇಷ್ಟಾದ ಮೇಲೆ ಯಂತ್ರದ ಮಾತು. ಬಹಳ ಇಲ್ಲ.

ವ್ಯಾನಿನ ಮೈ ತಗಡು. ತಗಡಿನೊಳಗೆ ಅಲೆಗಳು ಸುಲಭವಾಗಿ ನುಗ್ಗುವುದಿಲ್ಲ. ಬೀರುವಿನೊಳಗೆ ಫೋನಿಟ್ಟು ಬಾಗಿಲು ಹಾಕಿದರೆ ಸಿಗ್ನಲ್ ಕುಗ್ಗುವುದೂ ಇದೇ ಕಾರಣಕ್ಕೆ. ಹೊರಗೆ ನಿಂತಾಗ ಮೈನಸ್ 95 ಇದ್ದದ್ದು ಒಳಗೆ ಹೋದ ಕೂಡಲೇ 105, 110 ಆಗಬಹುದು. ಆದ್ದರಿಂದ ಕೇಳುವ ಕಿವಿ ಹೊರಗಿರಬೇಕು. ಸಿಮ್ ಹಾಕುವ 4ಜಿ ರೂಟರ್ ಸಿಗುತ್ತದೆ, ಹೊರಗಿನ ಆಂಟೆನಾ ಸಿಕ್ಕಿಸಲು ಅದರಲ್ಲಿ ಎರಡು ತೂತು ಇರುವಂಥದ್ದನ್ನೇ ಆರಿಸಬೇಕು. ಆಂಟೆನಾ ಗಾಡಿಯ ಮೇಲೆ, ರೂಟರ್ ಒಳಗೆ. ಇದು ಬೂಸ್ಟರ್ ಅಲ್ಲ, ಸಿಗ್ನಲನ್ನು ಹಿಗ್ಗಿಸಿ ಗಾಳಿಗೆ ಬಿಡುವುದಿಲ್ಲ. ಫೋನು ಮಾಡುವ ಕೆಲಸವನ್ನೇ ಇದು ಒಳ್ಳೆಯ ಜಾಗದಲ್ಲಿ ಕೂತು ಮಾಡುತ್ತದೆ, ಆದ್ದರಿಂದ ಅಡ್ಡಿಯಿಲ್ಲ. ಎರಡೂ ತೂತಿಗೆ ತಂತಿ ಹಾಕಬೇಕು, ಒಂದೇ ಹಾಕಿದರೆ ಅರ್ಧ ಕೆಲಸ. ತಂತಿ ಗಿಡ್ಡವಿರಲಿ, ಮೂರು ಮೀಟರು ಸಾಕು. ತೆಳ್ಳನೆಯ ಉದ್ದ ತಂತಿ ಆಂಟೆನಾ ಗಳಿಸಿದ್ದನ್ನೆಲ್ಲ ದಾರಿಯಲ್ಲೇ ಖರ್ಚು ಮಾಡುತ್ತದೆ. ಸ್ನೇಹಿತರ ಗಾಡಿಯಲ್ಲವೇ, ಮೇಲೆ ತೂತು ಕೊರೆಯಬೇಡಿ. ಅಯಸ್ಕಾಂತದ ಬುಡವಿರುವ ಆಂಟೆನಾ ಬರುತ್ತದೆ, ಕಬ್ಬಿಣದ ತಗಡಿಗೆ ಕಚ್ಚಿ ಕೂರುತ್ತದೆ. ಆದರೆ ಕೆಲವು ವ್ಯಾನುಗಳ ಮಾಡು ಫೈಬರಿನದು, ಅದಕ್ಕೆ ಅಯಸ್ಕಾಂತ ಹಿಡಿಯುವುದಿಲ್ಲ, ಮೊದಲೇ ಕೇಳಿಕೊಳ್ಳಿ. ಗಾಡಿ ಹೊರಡುವಾಗ ಆಂಟೆನಾ ಇಳಿಸಿಡಬೇಕು, ಇಲ್ಲದಿದ್ದರೆ ದಾರಿಯ ಹಲಸಿನ ಕೊಂಬೆ ಇಳಿಸುತ್ತದೆ.

ಹೊರದೇಶದಿಂದ ತಂದ ರೂಟರ್ ಅಗ್ಗವೆಂದು ಮರುಳಾಗಬೇಡಿ, ಇಲ್ಲಿನ ಕಂಪನಿಗಳು ಬಳಸುವ ಅಲೆಗಳನ್ನು ಅದು ಹಿಡಿಯದೆ ಹೋಗಬಹುದು. ಒಂದೇ ಕಂಪನಿಯ ಸಿಮ್ಮಿಗೆ ಬೀಗ ಹಾಕಿದ ರೂಟರೂ ಬೇಡ. ಮನೆಯ ಮಾಡಿಗೆ ಹಾಕುವ ಗಾಳಿಯ ಮೂಲಕದ 5ಜಿ ನೆಟ್ ಈಗ ಬಂದಿದೆಯಲ್ಲ, ಅದನ್ನು ಒಂದು ವಿಳಾಸಕ್ಕೆಂದು ಕೊಡುತ್ತಾರೆ, ಗಾಡಿಯಲ್ಲಿ ಹೊತ್ತು ತಿರುಗಲಿಕ್ಕಲ್ಲ. ಮಿತಿಯಿಲ್ಲದ 5ಜಿ ಎಂದು ಫೋನಿಗೆ ಕೊಡುವ ಪ್ಯಾಕು ರೂಟರಿನಲ್ಲಿ ನಡೆಯುತ್ತದೆಯೋ ಇಲ್ಲವೋ ಕೇಳಿಯೇ ಹಾಕಿಸಿ.

ಸಿಮ್ ಎರಡು ಬೇಕು, ಬೇರೆ ಬೇರೆ ಕಂಪನಿಯದು. ನಿಮ್ಮ ಕ್ಯಾಲೆಂಡರಿನಲ್ಲಿ ಮೊದಲು ಬಂದ ಕಂಪನಿಯದು ರೂಟರಿಗೆ, ಎರಡನೆಯದು ಮಗಳ ಫೋನಿನಲ್ಲಿ. ರೂಟರ್ ನಿಂತರೆ ಫೋನಿನ ಹಾಟ್‌ಸ್ಪಾಟ್ ಹಚ್ಚಿ ಅರ್ಧ ನಿಮಿಷದಲ್ಲಿ ಮೀಟಿಂಗಿಗೆ ಮರಳಬಹುದು. ಬ್ಯಾಂಕಿನ ಓಟಿಪಿ ಬರುವ ಸಿಮ್ಮನ್ನು ಮಾತ್ರ ರೂಟರಿಗೆ ಹಾಕಬೇಡಿ, ಬೇಕಾದಾಗ ಕೈಗೆ ಸಿಗುವುದಿಲ್ಲ. ಡಾಟಾದ ಲೆಕ್ಕವನ್ನೂ ಹಾಕಿಕೊಳ್ಳಿ. ವೀಡಿಯೊ ಮೀಟಿಂಗಿಗೆ ಗಂಟೆಗೆ ಒಂದು ಜಿಬಿಯ ಸುಮಾರು ಹೋಗುತ್ತದೆ, ದಿನಕ್ಕೆ ಎರಡು ಜಿಬಿಯ ಪ್ಯಾಕು ಮಧ್ಯಾಹ್ನದ ಊಟದೊಳಗೆ ಖಾಲಿ. ಮುಖ ಮುಚ್ಚಿ ಮಾತು ಮಾತ್ರ ಇಟ್ಟುಕೊಂಡರೆ ನೂರು ಎಂಬಿಯೂ ಬೇಡ. ಮೊಮ್ಮಗುವಿನ ಕಾರ್ಟೂನನ್ನು ಬೆಂಗಳೂರಿನಿಂದಲೇ ತುಂಬಿಸಿಕೊಂಡು ಬರಲಿ. ಅಮ್ಮನ ಮೀಟಿಂಗಿನ ಹೊತ್ತಿಗೆ ಆ ಮಗುವಿಗೆ ಅಜ್ಜಿಯ ಕತೆ.

ಕರೆಂಟಿನ ಲೆಕ್ಕ ನಮ್ಮ ಹೆಂಗಸರಿಗೆ ಗಂಡಸರಿಗಿಂತ ಬೇಗ ತಿಳಿಯುತ್ತದೆ, ಇದು ಅಕ್ಕಿ ಡಬ್ಬಿಯ ಲೆಕ್ಕವೇ. 12 ವೋಲ್ಟಿನ 100 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 1200 ವ್ಯಾಟ್ ಅವರ್ ಇರುತ್ತದೆ. ಮಾಮೂಲು ಆಸಿಡ್ ಬ್ಯಾಟರಿಯಾದರೆ ಅದರಲ್ಲಿ ಅರ್ಧ ಮಾತ್ರ ತೆಗೆಯಬೇಕು, ಪೂರ್ತಿ ಬಳಿದರೆ ಬ್ಯಾಟರಿಯ ಆಯುಷ್ಯ ಮುಗಿಯಿತು. ಅಂದರೆ ಕೈಗೆ ಸಿಕ್ಕಿದ್ದು 600. ರೂಟರ್ ಸುಮಾರು 10 ವ್ಯಾಟಿನದು, ಹತ್ತು ತಾಸಿಗೆ 100. ಲ್ಯಾಪ್‌ಟಾಪ್ ಸುಮಾರು 50 ವ್ಯಾಟು, ಎಂಟು ತಾಸಿಗೆ 400. ಒಟ್ಟು 500, ಒಂದು ದಿನಕ್ಕೆ ಸರಿಹೋಯಿತು. ರಾತ್ರಿ ಮನೆಗೆ ಬಂದ ಮೇಲೆ ಮನೆಯ ಪ್ಲಗ್ಗಿನಿಂದ ಚಾರ್ಜು ಮಾಡಿದರೆ ಮಾರನೇ ದಿನಕ್ಕೆ ಸಿದ್ಧ. ಆದರೆ ನಡುವೆ ಯಾರಾದರೂ ಚಟ್ನಿಗೆಂದು ಮಿಕ್ಸಿ ತಿರುಗಿಸಿದರೆ? 750 ವ್ಯಾಟಿನ ಮಿಕ್ಸಿ 12 ವೋಲ್ಟಿನ ಬ್ಯಾಟರಿಯಿಂದ ಅರವತ್ತು ಆಂಪಿಯರಿಗೂ ಮೇಲೆ ಎಳೆಯುತ್ತದೆ. ಆ ಎಳೆತಕ್ಕೆ ವೋಲ್ಟೇಜು ಕುಸಿದು ರೂಟರ್ ಆರಿ ಮತ್ತೆ ಹತ್ತಿಕೊಳ್ಳುವಷ್ಟರಲ್ಲಿ ಮೀಟಿಂಗು ಹೋಗಿರುತ್ತದೆ. ಇಂಡಕ್ಷನ್ ಒಲೆಯ ಮಾತೇ ಬೇಡ. ಚಟ್ನಿ ಮನೆಯಿಂದ ಅರೆದು ಕಳಿಸಿ. ಮಾವಿನಕಾಯಿ ಗೊಜ್ಜು, ಮೊಸರನ್ನ, ಅವಲಕ್ಕಿ, ಇಂಥವು ವ್ಯಾನಿನ ಮಧ್ಯಾಹ್ನಕ್ಕೆ ಒಳ್ಳೆಯವು. ಮೈಕ್ರೋವೇವ್ ಒಲೆ ಇರುವ ವ್ಯಾನಾದರೆ ಅದು ಹಚ್ಚಿದಾಗ ವೈಫೈ ಗೊಳ್ಳನೆ ಕೆಡುತ್ತದೆ, ಎರಡೂ ಒಂದೇ ಜಾತಿಯ ಅಲೆ ಬಳಸುವುದರಿಂದ.

ಈ ಬ್ಯಾಟರಿ ಗಾಡಿ ಸ್ಟಾರ್ಟ್ ಮಾಡುವ ಬ್ಯಾಟರಿಯಿಂದ ಬೇರೆ ಇರಬೇಕು, ಇಲ್ಲವಾದರೆ ಸಂಜೆ ಗಾಡಿ ನೂಕಲಿಕ್ಕೆ ಜನ ಕರೆಯಬೇಕಾಗುತ್ತದೆ. ಬ್ಯಾಟರಿಯ ಹತ್ತಿರವೇ ಫ್ಯೂಸು ಇರಬೇಕು. ಮನೆಯ ಇನ್ವರ್ಟರಿನ ನೀರು ಹಾಕುವ ಬ್ಯಾಟರಿಯನ್ನು ಎತ್ತಿ ವ್ಯಾನಿನೊಳಗೆ ಇಡುವ ಯೋಚನೆ ಯಾರಿಗಾದರೂ ಬಂದರೆ ತಡೆಯಿರಿ, ಆಸಿಡ್ ಚೆಲ್ಲುತ್ತದೆ, ಚಾರ್ಜಾಗುವಾಗ ಹೊತ್ತಿಕೊಳ್ಳುವ ಅನಿಲ ಬಿಡುತ್ತದೆ, ಅದೇ ಗಾಡಿಯಲ್ಲಿ ನೀವು ಗ್ಯಾಸೂ ಹಚ್ಚುತ್ತೀರಿ. ಮೇ ತಿಂಗಳ ಬಿಸಿಲಿಗೆ ಮುಚ್ಚಿದ ವ್ಯಾನು ಕುದಿಯುವ ಹಂಡೆಯಾಗುತ್ತದೆ, ರೂಟರನ್ನು ಗಾಜಿನ ಬದಿಗೂ ಒಲೆಯ ಮೇಲ್ಗಡೆಗೂ ಇಡದೆ ಗಾಳಿಯಾಡುವಲ್ಲಿ ಇಡಿ. ಕಡಲ ಗಾಳಿಗೆ ನಮ್ಮ ಕಿಟಕಿಯ ಸರಳೇ ವರ್ಷಕ್ಕೆ ತುಕ್ಕು ಹಿಡಿಯುವಾಗ ಆಂಟೆನಾದ ತಿರುಪು ಎಷ್ಟು ದಿನ ತಡೆದೀತು? ಕೂಡಿಸಿದ ಜಾಗಕ್ಕೆ ರಬ್ಬರ್ ಟೇಪು ಸುತ್ತಿ, ವಾರಕ್ಕೊಮ್ಮೆ ಬಿಚ್ಚಿ ಒರೆಸಿ. ಮಿಂಚು ಗುಡುಗು ಶುರುವಾದರೆ ಮೀಟಿಂಗು ನಡೆದಿದ್ದರೂ ಆಂಟೆನಾ ಇಳಿಸಿಬಿಡಬೇಕು. ಮಳೆಗಾಳಿಗೆ ಕರೆಂಟು ಹೋಗಿ ಬಹಳ ಹೊತ್ತಾದರೆ ಟವರಿನ ಬ್ಯಾಟರಿಯೂ ಮುಗಿದು ಅದೂ ಮಲಗುತ್ತದೆ. ಆಗ ಯಾರ ಹತ್ತಿರವೂ ಉಪಾಯವಿಲ್ಲ. ‘ಇಲ್ಲಿ ಗಾಳಿಮಳೆಯ ದಿನ ಒಂದೆರಡು ತಾಸು ಸಿಗದಿರಬಹುದು’ ಎಂದು ಮಗಳು ಆಫೀಸಿನಲ್ಲಿ ಮೊದಲೇ ಹೇಳಿಟ್ಟಿರಲಿ. ಮೊದಲೇ ಹೇಳಿದರೆ ವಿಷಯ, ಆಮೇಲೆ ಹೇಳಿದರೆ ನೆಪ.

ನೆಟ್ ಇರಲಿ ಬಿಡಲಿ, 112 ನೆನಪಿರಲಿ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದ ಕಡೆಯೂ ಬೇರೆ ಕಂಪನಿಯ ಟವರು ಹತ್ತಿರವಿದ್ದರೆ ಆ ಕರೆ ಹೋಗುತ್ತದೆ. ಬೆಳಿಗ್ಗೆ ಹೊರಡುವಾಗ ಇವತ್ತು ಯಾವ ಜಾಗ ಎಂದು ನಿಮಗೆ ಹೇಳಿ ಹೋಗುವ ರೂಢಿ ಮಾಡಿಸಿ.

ಕೊನೆಗೆ, ಕಾಗದದಲ್ಲಿ ಕೇಳದೆ ಇದ್ದದ್ದೊಂದು. ನಿಮ್ಮ ಗ್ರಾಮ ಪಂಚಾಯಿತಿಗೆ ಹೋಗಿ, ಫೈಬರ್ ತಂತಿ ಎಲ್ಲಿಯವರೆಗೆ ಬಂದಿದೆ ಎಂದು ಕೇಳಿದ್ದೀರಾ? ಭಾರತ್‌ನೆಟ್ ಯೋಜನೆಯಲ್ಲಿ ಪಂಚಾಯಿತಿಗಳಿಗೆ ತಂತಿ ಎಳೆದಿದ್ದಾರೆ. ಫೋನಿನ ಸಿಗ್ನಲ್ ಬಾರದ ಎಷ್ಟೋ ಮಲೆನಾಡ ಮನೆಗಳಿಗೆ ಬಿಎಸ್‌ಎನ್‌ಎಲ್ ಫೈಬರ್ ಊರಿನ ಕೇಬಲ್ಲಿನವರ ಮೂಲಕ ಅಡಿಕೆ ತೋಟ ದಾಟಿ ಬಂದಿದೆ. ಗಾಜಿನ ಎಳೆಯಲ್ಲಿ ಬೆಳಕಿನ ಮೂಲಕ ಬರುವುದರಿಂದ ಅದಕ್ಕೆ ಗುಡ್ಡದ ಮರೆ ಲೆಕ್ಕಕ್ಕಿಲ್ಲ. ಮರ ಬಿದ್ದು ತಂತಿ ಕಡಿದರೆ ಮಾತ್ರ ಎರಡು ದಿನ ಕಾಯಬೇಕು. ಕರೆಂಟು ಹೋದಾಗ ಆ ಪೆಟ್ಟಿಗೆ ಆರದಂತೆ ಅಂಗೈಯಗಲದ ಸಣ್ಣ ಯುಪಿಎಸ್ ಬರುತ್ತದೆ, ಕೆಲವು ತಾಸು ತಳ್ಳುತ್ತದೆ. ಫೈಬರ್ ಬಂದರೆ ವ್ಯಾನು ಅಂಗಳದಲ್ಲೇ ನಿಲ್ಲಬಹುದು. ವೈಫೈ ತಗಡಿನೊಳಗೆ ಕುಗ್ಗುತ್ತದೆಂದು ಹೇಳಿದೆನಲ್ಲ, ಅದಕ್ಕೆ ಮನೆಯಿಂದ ವ್ಯಾನಿಗೆ ಒಂದು ಲ್ಯಾನ್ ಕೇಬಲ್ ಎಳೆದುಬಿಡಿ, ನೂರು ಮೀಟರಿನವರೆಗೆ ಅದು ಸೊರಗುವುದಿಲ್ಲ. ಅಳಿಯಂದಿರಿಗೆ ವ್ಯಾನು ತಂದದ್ದು ದಂಡವಾಯಿತು ಅನ್ನಿಸದಿರಲಿ. ಶನಿವಾರ ಭಾನುವಾರ ನಿಮ್ಮನ್ನು ಕೂರಿಸಿಕೊಂಡು ಕಾರವಾರದ ಟಾಗೋರ್ ಕಡಲತೀರ ತೋರಿಸಿಕೊಂಡು ಬರಲಿಕ್ಕೆ ಅದು ಬೇಕು.

ಮಗಳು ಹೋದ ಮೇಲೂ ಆ ಫೈಬರ್ ಮನೆಯಲ್ಲೇ ಇರುತ್ತದೆ. ನಿಮ್ಮ ಫೋನಿನಲ್ಲಿ ವೈಫೈ ಕಾಲಿಂಗ್ ಎಂಬುದನ್ನು ಅವಳಿಂದ ಹಚ್ಚಿಸಿಕೊಳ್ಳಿ. ನಿಮ್ಮ ಫೋನಿನಲ್ಲೂ ಕಂಪನಿಯಲ್ಲೂ ಅದಕ್ಕೆ ಅನುಕೂಲವಿದ್ದರೆ, ಮಳೆಗಾಲದ ರಾತ್ರಿ ಹಲಸಿನ ಮರದ ಬುಡಕ್ಕೆ ಬ್ಯಾಟರಿ ಹಿಡಿದು ಹೋಗದೆ ಅಡಿಗೆಮನೆಯಿಂದಲೇ ಅವಳ ಹತ್ತಿರ ಮಾತಾಡಬಹುದು. ಅರ್ಜಿಯನ್ನು ಮಾರ್ಚಿಯೊಳಗೆ ಕೊಡಿ. ಮಳೆ ಹಿಡಿದರೆ ಕಂಬ ಹತ್ತುವವರು ಸಿಗುವುದಿಲ್ಲ.